ಯಾವ ಇಸವಿಯ ಬಾಲು?

'ಬಾಲು ಅವರ ಧ್ವನಿ ಕೊನೆಕೊನೆಗೆ ಹೋಗಿಬಿಟ್ಟಿತ್ತು' ಅನ್ನುವವರು ಸಿಕ್ಕಾಗಲೆಲ್ಲ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಯಾವ ಇಸವಿಯ ಬಾಲು? ಎಸ್.ಪಿ. ಬಾಲಸುಬ್ರಹ್ಮಣ್ಯಂ ಒಬ್ಬರೇ ಇದ್ದರು, ಸರಿ. ಆದರೆ ಹಾಡಿದ್ದು ಒಂದೇ ಗಂಟಲಲ್ಲಿ ಅಲ್ಲ. ಏನಿಲ್ಲವೆಂದರೂ ಮೂರು ನಾಲ್ಕು ಸಲ ಅವರು ದನಿ ಬದಲಿಸಿದ್ದಾರೆ. ವಯಸ್ಸು ಬದಲಿಸಿದ್ದು ಕೊನೆಯದೊಂದನ್ನು ಮಾತ್ರ. ಅದಕ್ಕೂ ಮೊದಲಿನದೆಲ್ಲ ಮೈಕು, ಹೀರೋಗಳು, ಸಂಗೀತ ನಿರ್ದೇಶಕರು ಸೇರಿ ಮಾಡಿಸಿದ ಕೆಲಸ. ಅವರೂ ಖುಷಿಯಿಂದಲೇ ಮಾಡಿಕೊಂಡರು.

ನಾನು ದಾವಣಗೆರೆ ಸುತ್ತಮುತ್ತ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವನು. ಸಂಗೀತ ಪಂಡಿತನೇನಲ್ಲ. ಆದರೆ ಒಂದೇ ಹಾಡನ್ನು ಹತ್ತಾರು ಗಂಟಲಲ್ಲಿ ಕೇಳಿ ಕೇಳಿ ಕಿವಿಗೆ ಒಂದಿಷ್ಟು ಬುದ್ಧಿ ಬಂದಿದೆ. ದೂರ ಹೋಗೋದೇ ಬೇಡ. ನಮ್ಮ ಕಡೆಯ ಎರಡು ಸಿನಿಮಾ ಸಾಕು. ಒಂದು ದುರ್ಗದ್ದು, ಇನ್ನೊಂದು ದಾವಣಗೆರೆಯದು.

ದುರ್ಗದ್ದು ಯಾವುದು ಅಂತ ಹೇಳಬೇಕಾ? 1972ರ 'ನಾಗರಹಾವು'. ತ.ರಾ.ಸು. ಕಥೆ, ಪುಟ್ಟಣ್ಣನವರ ನಿರ್ದೇಶನ, ವಿಜಯಭಾಸ್ಕರ್ ಸಂಗೀತ. ಕೋಟೆಯ ಬಂಡೆಗಳ ನಡುವೆ ರಾಮಾಚಾರಿ ಕುದಿಯುತ್ತಾ ಹಾಡುವ 'ಹಾವಿನ ದ್ವೇಷ' ಬಾಲು ಅವರದು. ಆಗ ಅವರಿಗೆ 26 ವರ್ಷ. 1967ರಲ್ಲಿ 'ನಕ್ಕರೆ ಅದೇ ಸ್ವರ್ಗ'ಕ್ಕೆ ಎಂ. ರಂಗರಾವ್ ಕನ್ನಡದಲ್ಲಿ ಮೊದಲ ಸಲ ಹಾಡಿಸಿ ಐದು ವರ್ಷವಾಗಿತ್ತು ಅಷ್ಟೇ. ಒಂದು ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಿ. ದನಿ ತೆಳು. ಬಿಗಿಯಾಗಿ ಎಳೆದು ಕಟ್ಟಿದ ತಂತಿಯ ಹಾಗೆ. ಪ್ರತಿ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದೇ ತೂಕ. ಉಸಿರು ಕೇಳಿಸುವುದೇ ಇಲ್ಲ. ಸಿಟ್ಟು ಬೇಕಾದ ಕಡೆ ದನಿ ಏರಿಸುತ್ತಾರೆ, ಮುಗೀತು. ಆ ಹಾಡಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ರಾಮಾಚಾರಿಗೂ ಸಿಟ್ಟನ್ನು ಬೇರೆ ಥರ ತೋರಿಸೋಕೆ ಬರ್ತಿರಲಿಲ್ಲವಲ್ಲ.

ಅದೇ ಸಿನಿಮಾದಲ್ಲಿ, ಅದೇ ಹೀರೋಗೆ, 'ಬಾರೆ ಬಾರೆ' ಹಾಡಿದ್ದು ಪಿ.ಬಿ. ಶ್ರೀನಿವಾಸ್. ಅದನ್ನೂ ಬಾಲು ಕೈಲೇ ಹಾಡಿಸಬೇಕಿತ್ತು ಅನ್ನುವ ಸ್ನೇಹಿತರು ನನಗಿದ್ದಾರೆ. ನಾನು ಒಪ್ಪೋದಿಲ್ಲ. ಆ ಹಾಡಿಗೆ ಅವಸರವಿಲ್ಲದ ದನಿ ಬೇಕು. ಪಿ.ಬಿ.ಎಸ್. ಅವರದು ಹುಟ್ಟಿನಿಂದಲೇ ಅವಸರವಿಲ್ಲದ ದನಿ. 26ರ ಬಾಲುಗೆ ಆ ನಿಧಾನ ಇನ್ನೂ ಸಿಕ್ಕಿರಲಿಲ್ಲ. ಬೈಯೋರು ಬೈಯಬಹುದು.

ಆ ನಿಧಾನ ಯಾವಾಗ ಸಿಕ್ಕಿತು? 1984ರ 'ಬಂಧನ' ಹಾಕಿ ನೋಡಿ. 'ನೂರೊಂದು ನೆನಪು'. ಹೀರೋ ಮತ್ತೆ ವಿಷ್ಣುವರ್ಧನ್. ಸಂಗೀತ ಅದೇ ರಂಗರಾವ್. ನಡುವೆ ಸರಿಯಾಗಿ ಹನ್ನೆರಡು ವರ್ಷ! (ಹಾವಿಗೂ ಅಷ್ಟೇ ಅಲ್ವಾ?) ಹಾಡಿದವರು ಮಾತ್ರ ಬೇರೆ ಯಾರೋ ಅನ್ನಿಸುತ್ತದೆ. ದನಿ ದುಂಡಗಾಗಿದೆ, ಕೆಳಗೆ ಇಳಿದಾಗ ತುಂಬಿಕೊಳ್ಳುತ್ತದೆ. 'ಎದೆಯಾಳದಿಂದ' ಅನ್ನುವಾಗ ಕೊನೆಯ ಅಕ್ಷರವನ್ನು ಹಿಡಿದು ನಿಲ್ಲಿಸೋದಿಲ್ಲ, ಸುಮ್ನೆ ಬಿಟ್ಟುಬಿಡುತ್ತಾರೆ. ನೋವನ್ನು ಜೋರು ಮಾಡಿ ತೋರಿಸುವುದಿಲ್ಲ. ದನಿ ತಗ್ಗಿಸಿದರೆ ಕೇಳುವವರೇ ಹತ್ತಿರ ಬರುತ್ತಾರೆ ಅನ್ನೋದು ಆ ಹೊತ್ತಿಗೆ ಅವರಿಗೆ ಗೊತ್ತಾಗಿತ್ತು.

ಈ ಬದಲಾವಣೆಯ ದೊಡ್ಡ ಪಾಲು ಮೈಕಿನದು ಅನ್ನೋದು ನನ್ನ ವಾದ. ಮೊದಲೆಲ್ಲ ಮದರಾಸಿನ ಸ್ಟುಡಿಯೋದಲ್ಲಿ ವಾದ್ಯದವರು, ಹಾಡುವವರು ಎಲ್ಲ ಸೇರಿ ಒಂದೇ ಸಲಕ್ಕೆ ಹಾಡು ಮುಗಿಸಬೇಕಿತ್ತು. ಕೊನೇ ಚರಣದಲ್ಲಿ ಯಾರೋ ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಪಲ್ಲವಿಯಿಂದ. ಅಂಥ ಕಡೆ ಯಾರು ತಾನೇ ಪಿಸುಗುಟ್ಟುತ್ತಾರೆ? ಎಲ್ಲರೂ ಗಟ್ಟಿಯಾಗಿ, ನೇರವಾಗಿ ಹಾಡುತ್ತಿದ್ದರು. ಆಮೇಲೆ ಟ್ರ್ಯಾಕ್‌ಗಳು ಬಂದವು. ವಾದ್ಯ ಬೇರೆ, ದನಿ ಬೇರೆ. ಹಾಡುವವನು ಮೈಕಿಗೆ ಬಾಯಿ ಹತ್ತಿರ ತಂದು ಉಸಿರನ್ನೂ ಹಾಡಿನೊಳಗೆ ಸೇರಿಸಬಹುದು ಅಂತಾಯಿತು. ಬಾಲು ಅದನ್ನು ಬಳಸಿಕೊಂಡ ಹಾಗೆ ದಕ್ಷಿಣದಲ್ಲಿ ಇನ್ನೊಬ್ಬ ಗಂಡಸು ಬಳಸಿಕೊಂಡಿಲ್ಲ. ಜಾನಕಮ್ಮನವರನ್ನು ಈ ಲೆಕ್ಕಕ್ಕೆ ಎಳೆಯಬೇಡಿ, ಅವರದೇ ಬೇರೆ ಲೋಕ.

ಇನ್ನೊಂದು ಪಾಲು ಡಬ್ಬಿಂಗ್‌ನದು. ತೆಲುಗಿನಲ್ಲಿ ಕಮಲ್ ಹಾಸನ್ ಅವರಿಗೆ ಎಷ್ಟೋ ಸಿನಿಮಾಗಳಲ್ಲಿ ಮಾತು ಕೊಟ್ಟವರು ಬಾಲು. 'ಗಾಂಧಿ' ಸಿನಿಮಾ ತೆಲುಗಿಗೆ ಬಂದಾಗ ಗಾಂಧೀಜಿಯ ದನಿಯೂ ಅವರದೇ. ಇನ್ನೊಬ್ಬರ ತುಟಿ ನೋಡಿಕೊಂಡು ನಗುವುದು, ತಡವರಿಸುವುದು, ಗಂಟಲು ಕಟ್ಟಿಸಿಕೊಳ್ಳುವುದು ಇವೆಲ್ಲ ಅಭ್ಯಾಸವಾದ ಮೇಲೆ ಹಾಡಿನೊಳಗೂ ಬರದೆ ಇರುತ್ತದಾ? 1981ರ 'ಗೀತಾ'ದಲ್ಲಿ ಶಂಕರ್‌ನಾಗ್ ಹಾಡುತ್ತಿದ್ದಾರೆ ಅಂತಲೇ ನಮ್ಮಪ್ಪ ಬಹಳ ದಿನ ನಂಬಿದ್ದರು. 1987ರ 'ಪ್ರೇಮಲೋಕ'ಕ್ಕೆ ಬಂದರೆ ಹಂಸಲೇಖ ಮಾತನ್ನೇ ಹಾಡು ಮಾಡಿದ್ದಾರೆ. ಅಲ್ಲಿ ಬಾಲು ರಾಗ ಎಳೆಯುವುದಕ್ಕಿಂತ ಹರಟುವುದೇ ಜಾಸ್ತಿ.

ಈಗ ದಾವಣಗೆರೆಯದು. 1995ರ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ'. ಚಿಂದೋಡಿ ಬಂಗಾರೇಶ್ ನಿರ್ದೇಶನ. ಚಿಂದೋಡಿಯವರು ಅಂದರೆ ನಮ್ಮೂರಲ್ಲಿ ಬಿಡಿಸಿ ಹೇಳಬೇಕಿಲ್ಲ, ನಾಟಕ ಕಂಪನಿಯ ಮನೆತನ. ಗದಗದ ಗವಾಯಿಗಳ ಕಥೆ, ಸಂಗೀತ ಹಂಸಲೇಖ. ಅದರಲ್ಲಿ 'ಉಮಂಡು ಘುಮಂಡು' ಹಾಡು. ಹಿಂದೂಸ್ತಾನಿ ಶೈಲಿ, ಗುಡುಗುವ ಮಳೆಮೋಡದ ವರ್ಣನೆ. ಬಾಲು ಶಾಸ್ತ್ರೀಯ ಸಂಗೀತವನ್ನು ಗುರುಗಳ ಮುಂದೆ ವರ್ಷಗಟ್ಟಲೆ ಕೂತು ಕಲಿತವರಲ್ಲ. ಆದರೂ ಆ 'ಘ' ಹೊರಡುವ ಜಾಗ ನೋಡಿ, ನೇರ ಎದೆಯಿಂದ. 'ಹಾವಿನ ದ್ವೇಷ'ದ ದನಿ ಪೂರ್ತಿ ಗಂಟಲಿನ ಮೇಲ್ಭಾಗದಲ್ಲಿತ್ತು. 49ನೇ ವಯಸ್ಸಿಗೆ ಅದು ಇಳಿದು ನೆಲೆ ಕಂಡಿತ್ತು. ಕನ್ನಡದ ಹಾಡಿಗೆ ಅವರಿಗೆ ಸಿಕ್ಕ ರಾಷ್ಟ್ರಪ್ರಶಸ್ತಿ ಇದೊಂದೇ. ಹಂಸಲೇಖರಿಗೂ ಅದೇ ಸಿನಿಮಾಕ್ಕೆ ಬಂತು. ನಮ್ಮೂರವರು ಇದನ್ನು ಇನ್ನೂ ಸ್ವಲ್ಪ ಜಾಸ್ತಿ ಹೇಳಿಕೊಳ್ಳಬೇಕು. ಬೆಣ್ಣೆ ದೋಸೆ ಬಗ್ಗೆ ಹೇಳಿಕೊಂಡಿದ್ದು ಸಾಕು.

ಅಣ್ಣಾವ್ರ ಕಥೆ ಉಲ್ಟಾ. 'ಯಾರೇ ಕೂಗಾಡಲಿ' ಹಾಡಿ ಪೂರ್ಣ ಪ್ರಮಾಣದ ಗಾಯಕರಾದಾಗ ಅವರಿಗೆ 45. ಅದು 1974. ಕಂಪನಿ ನಾಟಕದಲ್ಲಿ ಕೊನೆಯ ಸಾಲಿಗೂ ಮುಟ್ಟುವಂತೆ ಹಾಡಿ ಪಳಗಿದ ಗಂಟಲು. 1992ರ 'ಜೀವನ ಚೈತ್ರ'ದ 'ನಾದಮಯ'ಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಅರವತ್ತು ದಾಟಿತ್ತು. ವಯಸ್ಸಾದರೆ ದನಿ ಹೋಗುತ್ತೆ ಅನ್ನುವವರು ಆ ಹಾಡನ್ನು ಎಲ್ಲಿಡುತ್ತಾರೋ.

ಹಾಗಂತ ವಯಸ್ಸು ಏನೂ ಮಾಡೋದಿಲ್ಲ ಅಂತಲ್ಲ. ಗಂಟಲೊಳಗಿನ ಸ್ವರತಂತುಗಳು ಬಿರುಸಾಗುತ್ತವೆ, ಉಸಿರು ಮೊದಲಿನಷ್ಟು ನಿಲ್ಲೋದಿಲ್ಲ. ಮೊದಲು ಕೈಕೊಡುವುದು ಮೇಲಿನ ಸ್ವರಗಳೇ. ಬಾಲುಗೂ ಹಾಗೇ ಆಯಿತು. ಟಿವಿಯಲ್ಲಿ 'ಎದೆ ತುಂಬಿ ಹಾಡುವೆನು' ನಡೆಸಿಕೊಡುವ ಕಾಲಕ್ಕೆ ಮೇಲಕ್ಕೆ ಹೋಗುವ ಜಾಗಗಳನ್ನು ಜಾಣತನದಿಂದ ಸುತ್ತಿಕೊಂಡು ಹೋಗುತ್ತಿದ್ದರು. ನನಗೆ ಇಷ್ಟವಾಗದ್ದು ಅದಲ್ಲ. ವೇದಿಕೆ ಮೇಲೆ ಹಳೆಯ ಹಾಡಿನ ನಡುನಡುವೆ ಸೇರಿಸುತ್ತಿದ್ದ ನಗು, ಜನರನ್ನು ರಂಜಿಸಲು ಹಾಕುತ್ತಿದ್ದ ವರಸೆಗಳು, ಅವು ನನಗೆ ಕೊಂಚ ಅತಿ ಅನ್ನಿಸುತ್ತಿದ್ದವು. ದನಿಯ ಬಗ್ಗೆ ನನ್ನ ತಕರಾರಿಲ್ಲ. ಚಪ್ಪಾಳೆಯ ಆಸೆ ಮಾತ್ರ ಕಡಿಮೆ ಮಾಡಬಹುದಿತ್ತು.

ನಮ್ಮ ಆರ್ಕೆಸ್ಟ್ರಾ ಹುಡುಗರ ಪಾಡು ಹೇಳ್ತೀನಿ. ಎಲ್ಲರಿಗೂ ಬೇಕಾಗಿರೋದು ಎಂಬತ್ತರ ದಶಕದ ಬಾಲು. ಅದೂ 'ಒರಿಜಿನಲ್ ಸ್ಕೇಲ್'ನಲ್ಲೇ, ಅಂದರೆ ರೆಕಾರ್ಡಿನಲ್ಲಿದ್ದ ಶ್ರುತಿಯಲ್ಲೇ. ಒಂದು ಸ್ವರ ಇಳಿಸೋಣ ಕಣೋ ಅಂದರೆ ಅವಮಾನ ಆದ ಹಾಗೆ ಮುಖ ಮಾಡ್ತಾರೆ. ದುಗ್ಗಮ್ಮನ ಜಾತ್ರೆಯಲ್ಲಿ ಒಬ್ಬ ಹುಡುಗ ಹೀಗೇ ಹಟ ಹಿಡಿದು ಎರಡನೇ ಚರಣದಲ್ಲಿ ದನಿ ಒಡೆದುಕೊಂಡ. ಅದೇ ರಾತ್ರಿ ಐವತ್ತು ದಾಟಿದ ನಮ್ಮ ಹಿರಿಯ ಗಾಯಕರೊಬ್ಬರು ಹಾಡು ಶುರುವಾಗುವ ಮೊದಲೇ ನನ್ನ ಹತ್ತಿರ ಬಂದು, 'ಎರಡು ಇಳಸಪ್ಪ, ನಾಚಿಕೆ ಏನಿಲ್ಲ' ಅಂದರು. ಕೀಬೋರ್ಡಿನ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಒತ್ತಿದೆ, ಮೈನಸ್ ಎರಡು. 'ನೂರೊಂದು ನೆನಪು' ಆರಾಮಾಗಿ ಹಾಡಿ ಇಳಿದರು. ಸ್ಕೇಲ್ ಯಾವುದು ಅಂತ ಜನರಲ್ಲಿ ಒಬ್ಬರೂ ಕೇಳಲಿಲ್ಲ. ಒನ್ಸ್ ಮೋರ್ ಅಂತ ಕೂಗಿದರು ಅಷ್ಟೇ.

ಈ ಸಲದ ಗಣಪತಿ ಹಬ್ಬಕ್ಕೂ ಕೀಬೋರ್ಡ್ ನನ್ನದೇ. ಇಳಿಸಬೇಕಾದವರು ಮೊದಲೇ ಬಂದು ಹೇಳ್ರಪ್ಪ. ಹಾಡು ಶುರುವಾದ ಮೇಲೆ ಸ್ಟೇಜಿನಿಂದ ಕಣ್ಸನ್ನೆ ಮಾಡಿದರೆ ನನ್ನ ಕೈಲಿ ಏನೂ ಆಗೋದಿಲ್ಲ.