ಗಂಗೆ ಎಲ್ಲಿ ಚಿಕ್ಕಿ?

ಶಿವರಾತ್ರಿ ಕಳೆದು ಎರಡು ದಿನ ಆಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ದಳು. ನಾಲ್ಕನೇ ಕ್ಲಾಸು. ಈ ಸಲ ಆಕಾಶಗಂಗೆ ತೋರಿಸುತ್ತೇನೆ ಅಂತ ದೀಪಾವಳಿಯಲ್ಲೇ ಮಾತು ಕೊಟ್ಟಿದ್ದೆ. ನನ್ನ ನಕ್ಷತ್ರದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಬೆಳಗಿನ ಜಾವ ನಾಲ್ಕೂವರೆಗೆ ಎಬ್ಬಿಸಿ, ಕಂಬಳಿ ಹೊದಿಸಿ, ಅಡಿಕೆ ಒಣಗಿಸುವ ಅಂಗಳಕ್ಕೆ ಕರೆದುಕೊಂಡು ಬಂದೆ. ಅಮಾವಾಸ್ಯೆಯ ಹತ್ತಿರ, ಚಂದ್ರ ಇಲ್ಲ. ಮಂಜೂ ಇಲ್ಲ. ನಮ್ಮ ಹೊಸನಗರದ ಕಡೆ ಅಂಥ ಜಾವ ಸಿಗುವುದೇ ಪುಣ್ಯ.

ಪೂರ್ವದ ಗುಡ್ಡದ ಮೇಲೆ ನಾಲ್ಕು ಫ್ಲಡ್‌ಲೈಟು ಉರಿಯುತ್ತಿದ್ದವು. ಹೋದ ತಿಂಗಳು ಶುರುವಾದ ಹೋಮ್‌ಸ್ಟೇಯವರದು. ಒಂದೂ ನೆಲದ ಕಡೆ ತಿರುಗಿಲ್ಲ. ಎಲ್ಲವೂ ಆಕಾಶಕ್ಕೇ ಮುಖ ಮಾಡಿವೆ. ಆಗ್ನೇಯದಲ್ಲಿ ವೃಶ್ಚಿಕದ ಜ್ಯೇಷ್ಠಾ ನಕ್ಷತ್ರ ಕೆಂಪಗೆ ಕಂಡಿತು. ಅದರ ಕೊಂಡಿಯ ಪಕ್ಕ, ಧನು ರಾಶಿಯ ಕಡೆ, ಗಂಗೆ ಎಲ್ಲಕ್ಕಿಂತ ದಟ್ಟವಾಗಿ ಕಾಣಬೇಕಾದ ಜಾಗ ಬೂದಿ ಬಳಿದ ಹಾಗಿತ್ತು.

"ಗಂಗೆ ಎಲ್ಲಿ ಚಿಕ್ಕಿ?" ಅಂದಳು. ನಾನು ಬೆರಳು ತೋರಿಸಿದೆ. ಅವಳು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಆ ನೋಟ ನನಗೆ ಮರೆಯಲಾಗುತ್ತಿಲ್ಲ.

ಅವಳಿಗೆ ಹಿಂದಿನ ಸಂಜೆ ತೋಟದಲ್ಲೇ ಪಾಠ ಮಾಡಿದ್ದೆ. ತೋಟದ ನಡುವೆ ನಿಲ್ಲಿಸಿ, ನೇರಕ್ಕೆ ನೋಡು ಅಂದೆ. ಮರದ ಹಿಂದೆ ಮರ, ಅದರ ಹಿಂದೆ ಮರ. ದೂರದಲ್ಲಿ ಯಾವ ಮರ ಯಾವುದು ಅಂತ ತಿಳಿಯುವುದಿಲ್ಲ, ಎಲ್ಲ ಸೇರಿ ಒಂದು ಗೋಡೆ. ಈಗ ತಲೆ ಎತ್ತು ಅಂದೆ. ನಾಲ್ಕೈದು ತಲೆಗರಿ, ಮಿಕ್ಕಿದ್ದು ಬಯಲು. ನಮ್ಮ ಗ್ಯಾಲಕ್ಸಿ, ಅಂದರೆ ಸೂರ್ಯನೂ ಸೇರಿದ ನಕ್ಷತ್ರಗಳ ದೊಡ್ಡ ಗುಂಪು, ಅದೂ ಹೀಗೇ. ಅಡ್ಡಕ್ಕೆ ಸುಮಾರು 1,00,000 ಜ್ಯೋತಿರ್ವರ್ಷ, ದಪ್ಪ ಮಾತ್ರ ಸುಮಾರು 1,000. ಬೆಳಕು ಒಂದು ವರ್ಷದಲ್ಲಿ ಓಡುವ ದೂರವೇ ಒಂದು ಜ್ಯೋತಿರ್ವರ್ಷ. ನಾವು ಆ ತೋಟದ ಒಳಗೇ ಇದ್ದೇವೆ. ತೋಟದ ಉದ್ದಕ್ಕೆ ನೋಡಿದಾಗ ಕಾಣುವ ನಕ್ಷತ್ರಗಳ ಗೋಡೆಯೇ ಆಕಾಶಗಂಗೆ. 1610ರಲ್ಲಿ ಗೆಲಿಲಿಯೋ ದುರ್ಬೀನು ಹಿಡಿದಾಗ ಹಾಲು ಚೆಲ್ಲಿದ ಹಾಗಿನ ಆ ಪಟ್ಟೆ ಬಿಡಿ ಬಿಡಿ ನಕ್ಷತ್ರಗಳಾಗಿ ಒಡೆಯಿತು. ಪುಟ್ಟಿ ಸಂಜೆಯೇ ಎಲ್ಲ ಅರ್ಥ ಮಾಡಿಕೊಂಡಿದ್ದಳು. ಕಣ್ಣಿಂದ ನೋಡುವುದೊಂದೇ ಬಾಕಿ ಇತ್ತು. ಅದನ್ನೇ ಆ ನಾಲ್ಕು ದೀಪ ಕಿತ್ತುಕೊಂಡವು.

"ಎಷ್ಟು ನಕ್ಷತ್ರ ಇವೆ?" ಅಂತಲೂ ಕೇಳಿದ್ದಳು. ಕಡಿಮೆ ಅಂದರೂ 10,000 ಕೋಟಿ, 40,000 ಕೋಟಿ ಇದ್ದರೂ ಇರಬಹುದು. ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಎಣಿಸಿದರೆ 10,000 ಕೋಟಿ ಮುಗಿಯಲು 3,000 ವರ್ಷಕ್ಕಿಂತ ಜಾಸ್ತಿ ಬೇಕು. ಹಾಗಂತ ಒತ್ತೊತ್ತಾಗಿ ಇವೆ ಅಂದುಕೊಳ್ಳಬೇಡಿ. ಸೂರ್ಯ ಒಂದು ಸುಲಿದ ಅಡಿಕೆಯಷ್ಟು ಅಂದುಕೊಂಡರೆ ನಮ್ಮ ಭೂಮಿ ಮೂರ್ನಾಲ್ಕು ಹೆಜ್ಜೆ ಆಚೆ ಇರುವ ಸಣ್ಣ ರವೆಯ ಒಂದು ಕಣ. ಪಕ್ಕದ ನಕ್ಷತ್ರ, ಅಂದರೆ ಇನ್ನೊಂದು ಅಡಿಕೆ, 700 ಕಿಲೋಮೀಟರ್ ಆಚೆ. ನಮ್ಮ ಅಂಗಳದಲ್ಲಿ ಒಂದು ಅಡಿಕೆ ಇಟ್ಟರೆ ಮುಂದಿನದು ಮುಂಬೈ ದಾಟಿದ ಮೇಲೆ. ನಡುವೆ ಬರೀ ಖಾಲಿ. ಅಷ್ಟು ಖಾಲಿ ಇದ್ದೂ ಆ ಬೆಳಕೆಲ್ಲ ಕೂಡಿ ನದಿಯಾಗಿ ಹರಿಯುವಂತೆ ಕಾಣಬೇಕಾದರೆ ಆ ತೋಟ ಎಷ್ಟು ದೊಡ್ಡದಿರಬೇಕು, ಯೋಚಿಸಿ.

ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲುವುದಿಲ್ಲ. ಆ ಬೆಳಕು ಸಾವಿರಾರು ವರ್ಷ ನಡೆದು ಬಂದಿರುತ್ತದೆ. ದಾರಿಯಲ್ಲಿ ದೂಳಿನ ಮೋಡಗಳಿವೆ. ನದಿಯ ನಡುವೆ ಕಪ್ಪು ಸೀಳು ಕಾಣುತ್ತದಲ್ಲ, ಅದೇ ಆ ದೂಳು. ಅದರ ಹಿಂದೆ 26,000 ಜ್ಯೋತಿರ್ವರ್ಷ ದೂರದಲ್ಲಿ ಗ್ಯಾಲಕ್ಸಿಯ ನಡುಮನೆ. ಅಲ್ಲಿ ಕೂತಿರುವ, ಬೆಳಕನ್ನೂ ಹೊರಬಿಡದ ಕಪ್ಪು ಕುಳಿಯ ತೂಕ 40 ಲಕ್ಷ ಸೂರ್ಯರಷ್ಟು. ದೂಳಿನಿಂದಾಗಿ ನಮ್ಮ ಕಣ್ಣಿಗೆ ಆ ನಡುಮನೆ ಕಾಣುವುದಿಲ್ಲ. ರೇಡಿಯೋ ಅಲೆಗಳು ದೂಳು ದಾಟಿ ಬರುತ್ತವೆ. ಅವನ್ನು ಹಿಡಿದು ಮಾಡಿದ ಆ ಕುಳಿಯ ಚಿತ್ರ 2022ರ ಮೇ ತಿಂಗಳಲ್ಲಿ ಹೊರಬಂತು. ಅವತ್ತು ನಾನು ಕಣ್ಣೀರು ಹಾಕಿದ್ದೆ. ಇಷ್ಟೆಲ್ಲ ದಾಟಿ ನಮ್ಮ ಅಂಗಳದ ತನಕ ಬಂದ ಬೆಳಕು ಕಡೆಯ ಅರ್ಧ ಕಿಲೋಮೀಟರಿನಲ್ಲಿ ನಾಲ್ಕು ಬಲ್ಬಿಗೆ ಸೋತಿತು. ನನಗೆ ಇದು ತಡೆಯಲಾಗದ ಅನ್ಯಾಯ.

ಬೆಳಿಗ್ಗೆ ಕಾಫಿ ಕುಡಿಯುವಾಗ ಅಪ್ಪಯ್ಯನ ಹತ್ತಿರ ಹೇಳಿಕೊಂಡೆ. ಅವರು ತಣ್ಣಗೆ ಕೇಳಿದರು. ಆಮೇಲೆ, "ಈ ಊರು ಕರೆಂಟಿಗೆ ಎಷ್ಟು ವರ್ಷ ಕಾದಿದೆ ಗೊತ್ತಾ ನಿನಗೆ? ಶರಾವತಿಗೆ ಕಟ್ಟೆ ಕಟ್ಟಿ ಊರೂರು ಮುಳುಗಿಸಿದರು, ಬೆಳಕೆಲ್ಲ ದೂರ ಹೋಯಿತು, ನಾವು ಚಿಮಣಿ ಬುಡ್ಡಿಯಲ್ಲೇ ಓದಿದೆವು. ಈಗ ದೀಪ ಜಾಸ್ತಿ ಆಯಿತು ಅಂತೀಯಲ್ಲ" ಅಂದರು.

ಆ ಮಾತು ನನಗೆ ತಾಗಿತು. ಅವರ ನೋವು ಸುಳ್ಳಲ್ಲ. ಆದರೆ ಅವರು ಕಾದಿದ್ದು ಮನೆಯೊಳಗಿನ ಬೆಳಕಿಗೆ, ಓದುವ ಪುಸ್ತಕದ ಮೇಲಿನ ಬೆಳಕಿಗೆ. ಮೋಡಕ್ಕೆ ಬೆಳಕು ಹಾಯಿಸಿ ಅಂತ ಈ ಊರಿನಲ್ಲಿ ಯಾರೂ ಅರ್ಜಿ ಕೊಟ್ಟಿರಲಿಲ್ಲ, ಅಲ್ವಾ? ಹಾವು, ಚಿರತೆ, ಅಡಿಕೆ ಕಳ್ಳರು ಅಂತೀರಾ? ಅವೆಲ್ಲ ಬರುವುದು ನೆಲದ ಮೇಲೆ. ದೀಪ ನೆಲಕ್ಕೆ ಬೀಳಲಿ. ಮೇಲೊಂದು ತಗಡಿನ ಟೋಪಿ, ಬಿಳಿ ಬದಲು ಹಳದಿ ಬಲ್ಬು, ಯಾರಾದರೂ ಓಡಾಡಿದಾಗ ಮಾತ್ರ ಹೊತ್ತುವ ಸೆನ್ಸರು. ಇಷ್ಟು ಸಾಕು. ಕರೆಂಟ್ ಬಿಲ್ಲೂ ಇಳಿಯುತ್ತದೆ.

ಅತಿಥಿಗಳಿಗೆ ಕತ್ತಲೆ ಅಂದರೆ ಭಯ ಅಂತ ಹೋಮ್‌ಸ್ಟೇ ನೋಡಿಕೊಳ್ಳುವ ಹುಡುಗ ಹೇಳಿದ. ಲಡಾಖಿನ ಹಾನ್ಲೆಯಲ್ಲಿ 2022ರಿಂದ ಕತ್ತಲೆಯನ್ನೇ ಕಾಪಾಡಿಕೊಂಡು ಬಂದಿದ್ದಾರೆ. ಊರಿನವರು ರಾತ್ರಿ ಕಿಟಕಿಗೆ ಪರದೆ ಎಳೆಯುತ್ತಾರೆ. ನಕ್ಷತ್ರ ನೋಡಲೆಂದೇ ದೂರದಿಂದ ಜನ ಬರುತ್ತಾರೆ, ಊರವರೇ ದುರ್ಬೀನು ಹಿಡಿದು ತೋರಿಸುತ್ತಾರೆ. ಜಗತ್ತಿನ ಮೂರರಲ್ಲಿ ಒಂದು ಪಾಲು ಜನರಿಗೆ ತಮ್ಮ ಮನೆಯಿಂದ ಆಕಾಶಗಂಗೆ ಕಾಣುವುದಿಲ್ಲ ಅಂತ 2016ರಲ್ಲೇ ಲೆಕ್ಕ ಹಾಕಿದ್ದಾರೆ. ಬೆಂಗಳೂರಿನಿಂದ ಬರುವ ಅತಿಥಿಗೆ ಅಲ್ಲಿ ಸಿಗದೇ ಇರುವುದನ್ನು ಕೊಡುವ ಭಾಗ್ಯ ನಮಗಿದೆ. ಅದನ್ನೇ ಒರೆಸಿ ಹಾಕುತ್ತಿದ್ದೇವೆ. ಮಳೆಗಾಲಕ್ಕೆ ಮುಂಚೆ ಬರುವ ಮಿಂಚುಹುಳಗಳಿಗೂ ಈ ಬೆಳಕು ಶತ್ರು. ಅವು ಜೊತೆ ಹುಡುಕುವುದೇ ಮಿನುಗಿನಿಂದ.

ಒಂದು ವಿಷಯ ಮುಚ್ಚಿಡಬಾರದು. ಹೋದ ವರ್ಷ ಹತ್ತಿರದ ಮನೆಯಲ್ಲಿ ಒಣಗಿಸಿದ ಅಡಿಕೆ ಕಳುವಾದಾಗ ನಮ್ಮ ಅಂಗಳಕ್ಕೂ ಒಂದು ದೊಡ್ಡ ಬಿಳಿ ಎಲ್‌ಇಡಿ ಹಾಕಿಸಿದ್ದು ನಾನೇ. ಟೋಪಿ ಇಲ್ಲದ್ದು. ಆ ಜಾವ ಅದನ್ನು ಆರಿಸಿಯೇ ಪುಟ್ಟಿಯನ್ನು ಕರೆದಿದ್ದೆ. ಆದರೆ ಮಿಕ್ಕ ರಾತ್ರಿಗಳಲ್ಲಿ ಅದು ಉರಿದೇ ಇತ್ತು. ಕೊಯ್ಲು, ಸುಲಿಯುವುದು, ಬೇಯಿಸುವುದು ಅಂತ ಇಡೀ ಚಳಿಗಾಲ ನಾನೂ ತಲೆ ಎತ್ತಿರಲಿಲ್ಲ. ಆಚೆ ಮನೆಯ ಯಾವ ಮಗುವಿಗೆ ನನ್ನ ದೀಪ ಏನನ್ನು ಮುಚ್ಚಿತೋ. ಇದು ನನ್ನನ್ನು ಎರಡು ದಿನದಿಂದ ಚುಚ್ಚುತ್ತಿದೆ.

ಅವತ್ತು ಮಧ್ಯಾಹ್ನ ಪುಟ್ಟಿಯ ಬೇಸರ ಕಳೆಯಲಿ ಅಂತ ಗುಡ್ಡದ ಬಂಡೆಯ ಮೇಲೆ ಕೂರಿಸಿಕೊಂಡು ಇನ್ನೊಂದು ಲೆಕ್ಕ ಹೇಳಿದೆ. ನಮ್ಮ ಸೂರ್ಯ ಸೆಕೆಂಡಿಗೆ ಇನ್ನೂರಕ್ಕೂ ಜಾಸ್ತಿ ಕಿಲೋಮೀಟರ್ ಓಡುತ್ತಾ ಗ್ಯಾಲಕ್ಸಿಗೆ ಒಂದು ಸುತ್ತು ಬರಲು 22-23 ಕೋಟಿ ವರ್ಷ ಬೇಕು. ಹೋದ ಸುತ್ತು ಶುರುವಾದಾಗ ಡೈನೋಸಾರ್‌ಗಳು ಇನ್ನೂ ಹೊಸದಾಗಿ ಹುಟ್ಟುತ್ತಿದ್ದವು. ನಾವು ಕೂತ ಬಂಡೆ ಧಾರವಾಡ ಶಿಲೆಗಳ ಕಾಲದ್ದು, 250 ಕೋಟಿ ವರ್ಷಕ್ಕಿಂತ ಹಳೆಯದು. "ಹಾಗಾದರೆ ಈ ಕಲ್ಲು ಹತ್ತು ಸುತ್ತು ಬಂದಿದೆ!" ಅಂದಳು. ಲೆಕ್ಕ ಅವಳೇ ಹಾಕಿದ್ದು. ಆಮೇಲೆ ಕಲ್ಲಿನ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತಳು.

ನಿನ್ನೆ ಅಪ್ಪಯ್ಯ ಹಳೇ ಎಣ್ಣೆ ಡಬ್ಬ ಕತ್ತರಿಸಿ ನಮ್ಮ ದೀಪಕ್ಕೆ ಟೋಪಿ ಮಾಡಿದರು. ಏನೂ ಹೇಳಲಿಲ್ಲ, ಏಣಿ ಹಿಡಿ ಅಂದರು ಅಷ್ಟೆ. ರಾತ್ರಿ ಅಂಗಳದ ಅಡಿಕೆಯೆಲ್ಲ ಚೆನ್ನಾಗಿಯೇ ಕಾಣುತ್ತಿತ್ತು.

ಏಪ್ರಿಲ್ ರಜೆಗೆ ಪುಟ್ಟಿ ಮತ್ತೆ ಬರುತ್ತಾಳೆ. ಆಗ ನಡುರಾತ್ರಿ ಕಳೆದು ಎರಡು ಗಂಟೆಗೆಲ್ಲ ಗಂಗೆ ಗುಡ್ಡದ ಮೇಲೆ ಬಂದಿರುತ್ತದೆ. ಅಮಾವಾಸ್ಯೆಯ ದಿನ ಒಂದೇ ಒಂದು ಗಂಟೆ ಆ ನಾಲ್ಕು ದೀಪ ಆರಿಸಿ, ನಿಮ್ಮ ಅತಿಥಿಗಳನ್ನೂ ಹೊರಗೆ ಕರೆಯಿರಿ, ನಾನೇ ಬಂದು ತೋರಿಸುತ್ತೇನೆ ಅಂತ ಮಾಲೀಕರನ್ನು ಕೇಳಲು ನಾಳೆ ಗುಡ್ಡ ಹತ್ತುತ್ತೇನೆ. ಅಪ್ಪಯ್ಯನೂ ಬರುತ್ತಾರಂತೆ. ಇನ್ನೊಂದು ಎಣ್ಣೆ ಡಬ್ಬ ಈಗಾಗಲೇ ತೊಳೆದು ಬಿಸಿಲಿಗೆ ಇಟ್ಟಿದ್ದಾರೆ.