ಹಿಂದೆ ಮಾಡಿದ್ದ ಅಂದ್ರೆ ಈಗ್ಲೂ ಅವನೇನಾ?

ಕ್ಯಾಲಿಫೋರ್ನಿಯಾದಲ್ಲಿ ಸಿಟಿಜನ್‌ಶಿಪ್ ತಗೊಂಡಿರೋ ನಮ್ಮವರಿಗೆ ಇವತ್ತಲ್ಲ ನಾಳೆ ಜ್ಯೂರಿ ಸಮನ್ಸ್, ಅಂದ್ರೆ ಕೋರ್ಟಿಗೆ ಬಂದು ಹನ್ನೆರಡು ಜನರಲ್ಲಿ ಒಬ್ಬರಾಗಿ ಕೂತು ತೀರ್ಪು ಕೊಡಿ ಅನ್ನೋ ಕರೆ, ಬಂದೇ ಬರುತ್ತೆ, ಬಂದ ತಕ್ಷಣ ಎಲ್ರೂ ಕೇಳೋದು ಒಂದೇ, ಹೆಂಗಪ್ಪಾ ತಪ್ಪಿಸ್ಕೊಳ್ಳೋದು ಅಂತ. ಅದಿರ್ಲಿ ಬಿಡಿ. ತಪ್ಪಿಸ್ಕೊಳ್ಳದೆ ಹೋಗಿ ಕೂತ್ರು ಅಂತಿಟ್ಕೊಳ್ಳಿ, ಕೇಸು ಎಲ್ಡರ್ ಅಬ್ಯೂಸ್‌ದು, ಅಂದ್ರೆ ವಯಸ್ಸಾದವರಿಗೆ ಹೊಡೆದ್ರು, ಊಟ ಔಷಧಿ ಕೊಡದೆ ಬಿಟ್ರು, ದುಡ್ಡು ಲಪಟಾಯಿಸಿದ್ರು ಅನ್ನೋ ಥರದ್ದು. ಆವಾಗ ಜಡ್ಜ್ ನಿಮ್ಮ ಮುಂದೆ ಒಂದು ವಿಚಿತ್ರ ಕೆಲಸ ಇಡಬಹುದು, ಅದರ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ.

ಸಾಮಾನ್ಯವಾಗಿ "ಇವನು ಮೊದ್ಲೂ ಹಿಂಗೇ ಮಾಡಿದ್ದ, ಅದಕ್ಕೇ ಇದೂ ಇವನದ್ದೇ ಕೆಲಸ" ಅನ್ನೋ ವಾದ ಕೋರ್ಟಲ್ಲಿ ನಡೆಯಲ್ಲ. ಇಲ್ಲಿನ ಎವಿಡೆನ್ಸ್ ಕೋಡ್ (ಸಾಕ್ಷ್ಯದ ಕಾನೂನು) ಸೆಕ್ಷನ್ 1101 ಅದನ್ನೇ ಹೇಳೋದು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ನಾವು ಮನೇಲಿ ಹೇಳ್ಕೋಬಹುದು, ಪ್ರಾಸಿಕ್ಯೂಟರ್, ಅಂದ್ರೆ ಸರ್ಕಾರಿ ವಕೀಲರು, ಹೇಳೋ ಹಾಗಿಲ್ಲ. ಆದ್ರೆ 1109 ಅಂತ ಇನ್ನೊಂದು ಸೆಕ್ಷನ್ ಇದೆ, ಮೊದಲು ಗಂಡಹೆಂಡ್ತಿ ಹೊಡೆದಾಟದ ಕೇಸುಗಳಿಗೆ ಅಂತ ತಂದಿದ್ದು, ಆಮೇಲೆ ಎಲ್ಡರ್ ಅಬ್ಯೂಸನ್ನೂ ಸೇರಿಸಿದ್ರು. ಅದರ ಪ್ರಕಾರ ಆರೋಪಿ ಹಿಂದೆ ಬೇರೆ ಯಾವ್ದೋ ವೃದ್ಧರಿಗೆ ಹಿಂಸೆ ಕೊಟ್ಟಿದ್ದನ್ನ ತಂದು ತೋರಿಸಿ, ಇವನ ಪ್ರವೃತ್ತಿನೇ ಇಂಥದ್ದು ನೋಡಿ ಅನ್ನಬಹುದು. ಆ ಹಳೇದಕ್ಕೆ ಶಿಕ್ಷೆ ಆಗಿರ್ಬೇಕು ಅಂತಿಲ್ಲ, ಪೊಲೀಸ್ ಕಂಪ್ಲೇಂಟ್ ಕೂಡ ಆಗಿರ್ಬೇಕಿಲ್ಲ. 10 ವರ್ಷಕ್ಕಿಂತ ಹಳೇದಾದ್ರೆ ಮಾತ್ರ ಸಾಮಾನ್ಯವಾಗಿ ಬಿಡಲ್ಲ, ನ್ಯಾಯದ ದೃಷ್ಟಿಯಿಂದ ಬೇಕು ಅಂತ ಜಡ್ಜಿಗೆ ಅನ್ಸಿದ್ರೆ ಅದೂ ಬರುತ್ತೆ.

ಅನ್ಯಾಯ ಅನ್ಸುತ್ತಾ? ನನಗೂ ಪೂರ್ತಿ ಸಮಾಧಾನ ಇಲ್ಲ, ಆದ್ರೂ ಈ ಕಾನೂನು ಇರ್ಬೇಕು ಅನ್ನೋ ಪಕ್ಷ ನಾನು. ಯಾಕಂದ್ರೆ ಇವೆಲ್ಲ ನಡೆಯೋದು ನಾಲ್ಕು ಗೋಡೆ ಒಳಗೆ. 84ರ ಅಜ್ಜಿ, ಮರೆವಿನ ಕಾಯಿಲೆ, ತೋಳಲ್ಲಿ ಅಂಗೈ ಅಗಲದ ಕಪ್ಪು ಕಲೆ. ನೋಡ್ಕೊಳ್ಳೋ ಮಗ ಹೇಳ್ತಾನೆ, ಬ್ಲಡ್ ಥಿನ್ನರ್ ತಗೋತಾರೆ ಸಾರ್, ಹಾಸಿಗೆಯಿಂದ ಎಬ್ಬಿಸೋವಾಗ ಕೈ ಹಿಡಿದ್ರೂ ಹಂಗಾಗುತ್ತೆ. ನಿಜವಾಗ್ಲೂ ಆಗುತ್ತೆ ಕಣ್ರೀ, ಆ ವಯಸ್ಸಲ್ಲಿ ಚರ್ಮ ಪೇಪರ್ ಥರ ಇರುತ್ತೆ, ಡಾಕ್ಟರ್ ಕೂಡ ಎರಡೂ ಸಾಧ್ಯ ಅಂತಾರೆ. ಅಜ್ಜಿನ ಕೇಳಿದ್ರೆ ಅವರಿಗೆ ಇವತ್ತು ಯಾವ ವಾರ ಅಂತ ಗೊತ್ತಿಲ್ಲ. ಹೋಗ್ಲಿ ಅವತ್ತು ಪೊಲೀಸರ ಹತ್ರ ಏನೋ ಹೇಳಿದ್ರಲ್ಲಾ ಅಂದ್ರೆ, ಅಮೆರಿಕದ ಸುಪ್ರೀಂ ಕೋರ್ಟಿನ 2004ರ ಕ್ರಾಫರ್ಡ್ ತೀರ್ಪಿನ ನಂತರ, ಕೋರ್ಟಿಗೆ ಬಂದು ಪಾಟೀಸವಾಲಿಗೆ ನಿಲ್ಲದವರು ಪೊಲೀಸರ ವಿಚಾರಣೆಲಿ ಕೊಟ್ಟ ಹೇಳಿಕೆನ ಉಪಯೋಗಿಸೋದೇ ಕಷ್ಟ. ಎಷ್ಟೋ ಸಲ ಟ್ರಯಲ್ ಬರೋ ಹೊತ್ತಿಗೆ ಅವರೇ ಇರಲ್ಲ. ಇಂಥಾ ಕಡೆ, ಐದು ವರ್ಷದ ಹಿಂದೆ ಇದೇ ಮಗ ತಂದೆನ ವಾಕರ್ ಸಮೇತ ಗೋಡೆಗೆ ನೂಕಿದ್ದನ್ನ ಪಕ್ಕದ ಮನೆಯವರು ಕಣ್ಣಾರೆ ನೋಡಿದ್ರು ಅಂದ್ರೆ, ಅದನ್ನ ಜ್ಯೂರಿಗೆ ಹೇಳ್ಬಾರ್ದು ಅನ್ನೋಕೆ ನನಗೆ ಬಾಯಿ ಬರಲ್ಲ. ನಮ್ಮ ಊರಿಂದ ಬಂದು ಇಲ್ಲಿ ಮಕ್ಕಳ ಮನೇಲಿರೋ ಹಿರಿಯರನ್ನ ನೆನೆಸ್ಕೊಳ್ಳಿ, ಇಂಗ್ಲಿಷ್ ಬರಲ್ಲ, ಕಾರು ಓಡ್ಸಲ್ಲ, ಬಾಯಿ ಬಿಟ್ರೆ ಮಗನ ಮರ್ಯಾದೆ ಹೋಗುತ್ತೆ ಅನ್ನೋ ಭಯ ಬೇರೆ.

ತಕರಾರು ಇರೋದು ಅದನ್ನ ತೂಗೋದ್ರಲ್ಲಿ. ಜ್ಯೂರಿಗೆ ಓದಿ ಹೇಳೋ ಮಾದರಿ ಸೂಚನೆ ಒಂದಿದೆ, ಕ್ಯಾಲ್‌ಕ್ರಿಮ್ 853ಎ. ಹಳೇ ಘಟನೆ ನಡೆದಿಲ್ಲ ಅನ್ನೋದಕ್ಕಿಂತ ನಡೆದಿರೋ ಸಾಧ್ಯತೆನೇ ಜಾಸ್ತಿ ಅಂತ ಅನ್ಸಿದ್ರೆ ಸಾಕು, ಅದನ್ನ ಪರಿಗಣಿಸಬಹುದು, ಅನ್ಸದಿದ್ರೆ ಪೂರ್ತಿ ಮರ್ತುಬಿಡಿ. ಪರಿಗಣಿಸಿದ್ರೆ ಇವನಿಗೆ ಆ ಪ್ರವೃತ್ತಿ ಇದೆ ಅಂತ ತೀರ್ಮಾನಿಸಬಹುದು, ತೀರ್ಮಾನಿಸಲೇಬೇಕು ಅಂತಿಲ್ಲ. ಅದೊಂದರ ಮೇಲೇ ಅಪರಾಧಿ ಅನ್ನಂಗಿಲ್ಲ, ಈಗಿನ ಆರೋಪ ಮಾತ್ರ ಸಂಶಯಕ್ಕೆ ಎಡೆ ಇಲ್ಲದ ಹಾಗೆ ಸಾಬೀತಾಗ್ಬೇಕು. ಅಂದ್ರೆ ಒಂದೇ ತಲೇಲಿ ಎರಡು ತಕ್ಕಡಿ. ವಕೀಲರಿಗೇ ಗೊಂದಲ ಆಗೋ ವಿಷಯನ ಹನ್ನೆರಡು ಜನ ಸಾಮಾನ್ಯರು, ಒಬ್ಬ ಪ್ಲಂಬರ್ ಒಬ್ಬ ಕೋಡ್ ಬರೆಯೋನು ಒಬ್ಬ ರಿಟೈರ್ಡ್ ಟೀಚರ್, ಮಧ್ಯಾಹ್ನ ಸ್ಯಾಂಡ್‌ವಿಚ್ ತಿಂದು ಬಂದು ಮಾಡ್ಬೇಕು. "ಮರ್ತುಬಿಡಿ" ಅಂದ್ರೆ ಯಾರು ಮರೀತಾರೆ?

ಇದಕ್ಕಿಂತ ನನ್ನ ಮುಖ್ಯ ಆಕ್ಷೇಪ ಬೇರೆ. 1109ರಲ್ಲಿ ಎಲ್ಡರ್ ಅಬ್ಯೂಸ್ ಅನ್ನೋದರ ವ್ಯಾಖ್ಯಾನ ಬಲೇ ದೊಡ್ಡದು, ಹೊಡೆಯೋದು, ನಿರ್ಲಕ್ಷ್ಯ, ದುಡ್ಡು ಹೊಡೆಯೋದು, ಬಿಟ್ಟುಹೋಗೋದು, ಯಾರ ಜೊತೆಗೂ ಸೇರ್ಸದೆ ಒಂಟಿ ಮಾಡೋದು, ಎಲ್ಲ ಒಂದೇ ಗಂಟು. ಹಂಗಾಗಿ ಅತ್ತೆಯ ಚೆಕ್ಕಿಗೆ ಸಹಿ ಹಾಕಿ ದುಡ್ಡು ಎತ್ತಿದವಳನ್ನ, ಇನ್ನೊಬ್ಬರಿಗೆ ಬೆಡ್‌ಸೋರ್ (ಮಲಗಿದಲ್ಲೇ ಮಲಗಿ ಆಗೋ ಹುಣ್ಣು) ಬರೋ ಹಾಗೆ ಬಿಟ್ಟಿದ್ದೂ ಇವಳೇ ಅನ್ನೋಕೆ ಈ ಸೆಕ್ಷನ್ ಬಾಗಿಲು ತೆಗೆಯುತ್ತೆ. ದುರಾಸೆಗೂ ಬೆನ್ನು ಹುಣ್ಣಿಗೂ ಏನು ಸಂಬಂಧ ಹೇಳಿ. ಇದನ್ನ ಸೋಸೋದು ಜಡ್ಜ್ ಕೆಲಸ, ಉಪಯೋಗಕ್ಕಿಂತ ಜ್ಯೂರಿ ಮನಸ್ಸು ಕೆಡಿಸೋದೇ ತುಂಬಾ ಜಾಸ್ತಿ ಅನ್ನೋ ಸಾಕ್ಷ್ಯನ ತಡೆಯೋಕಿರೋ ಸೆಕ್ಷನ್ 352 ಅಡಿಲಿ, ಎಷ್ಟು ಹಳೇದು, ಎಷ್ಟು ಖಚಿತ, ಎಷ್ಟು ಹೋಲುತ್ತೆ ಅಂತೆಲ್ಲ ನೋಡ್ಬೇಕು. 1999ರ ಫಾಲ್ಸೆಟ್ಟಾ ಕೇಸಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಲೈಂಗಿಕ ಅಪರಾಧಗಳಿಗಿರೋ ಇಂಥದ್ದೇ ಸೆಕ್ಷನ್ ಎತ್ತಿ ಹಿಡಿದಿದ್ದೂ ಮುಖ್ಯವಾಗಿ ಈ ಜರಡಿ ಇದೆ ಅಂತಲೇ. ಸರಿ, ಜಡ್ಜ್ ಒಳಗೆ ಬಿಟ್ರು, ಆಮೇಲೆ? ಹೋಲಿಕೆ ಎಷ್ಟಿದೆ ನೋಡಿ ತೂಗಿ ಅಂತ ಜ್ಯೂರಿಗೆ ಯಾರೂ ಒತ್ತಿ ಹೇಳಲ್ಲ. ಹೇಳ್ಬೇಕು. ನಾನೇ ಕೂತ್ರೆ ಮೊದ್ಲು ಫೋಟೋ, ಮೆಡಿಕಲ್ ರೆಕಾರ್ಡ್, ಟೈಮಿಂಗ್ ಇಷ್ಟನ್ನೇ ಇಟ್ಕೊಂಡು ಚರ್ಚೆ ಮಾಡೋಣ ಅಂತೀನಿ, ಹಳೇ ಕಥೆ ಕೊನೇಗೆ ತೆಗೀರಿ, ಅದೂ ವಾಕರ್ ನೂಕಿದ್ದ ಥರ ಇದಕ್ಕೆ ಹತ್ರ ಇದ್ರೆ ಮಾತ್ರ ತೂಕ ಕೊಡಿ. ಹಳೇದನ್ನ ಪಕ್ಕಕ್ಕಿಟ್ರೆ ಕೇಸಲ್ಲಿ ಏನೂ ಉಳಿಯಲ್ಲ ಅಂದ್ರೆ ನನ್ನ ಓಟು ನಾಟ್ ಗಿಲ್ಟಿ, ಅವನು ಎಷ್ಟೇ ಕೆಟ್ಟವನಾಗಿರ್ಲಿ.

ತಮಾಷೆ ಏನಂದ್ರೆ ನಮ್ಮ ದೇಶದಲ್ಲಿ ಜ್ಯೂರಿ ಪದ್ಧತಿ ಹೋಗಿ ಎಷ್ಟೋ ದಶಕ ಆಯ್ತು, ತೀರ್ಪು ಕೊಡೋದು ಕಾನೂನು ಓದಿರೋ ಜಡ್ಜ್, ಆದ್ರೂ ಆರೋಪಿಯ ಹಿಂದಿನ ಕೆಟ್ಟ ನಡತೆ ಸಾಮಾನ್ಯವಾಗಿ ಅವರ ಮುಂದೆ ಬರೋ ಹಾಗಿಲ್ಲ. 1872ರ ಎವಿಡೆನ್ಸ್ ಆಕ್ಟಲ್ಲಿ ಸೆಕ್ಷನ್ 54 ಇತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 49. ಇಲ್ಲಿ ಪಳಗಿಲ್ಲದ ಹನ್ನೆರಡು ಜನರಿಗೆ ಹೇಳ್ತಾರೆ, ಅಲ್ಲಿ ಪಳಗಿದವರಿಗೂ ಹೇಳಲ್ಲ.

ಇನ್ನೊಂದು ಹೊಟ್ಟೆ ಉರಿಯೋ ವಿಷಯ. ಇದೇ 1109ರ ಎಫ್ ಉಪವಿಭಾಗ ಓದಿ, ಲೈಸೆನ್ಸ್ ಇರೋ ನರ್ಸಿಂಗ್ ಹೋಮ್ ಥರದ ಹೆಲ್ತ್ ಫೆಸಿಲಿಟಿಗಳ ಮೇಲೆ ಸರ್ಕಾರಿ ಏಜೆನ್ಸಿ ತನಿಖೆ ಮಾಡಿ ಕೊಟ್ಟ ನಿರ್ಣಯಗಳನ್ನ ಈ ಸೆಕ್ಷನ್ ಅಡಿಲಿ ತರೋ ಹಾಗೇ ಇಲ್ಲ. ಮನೇಲಿ ಡೈಪರ್ ಬದಲಾಯಿಸೋ ಕೇರ್‌ಗಿವರ್ ಬಗ್ಗೆ ಪಕ್ಕದ ಮನೆಯವರು ಹೇಳಿದ ಮಾತು ಬರಬಹುದು, ಇನ್‌ಸ್ಪೆಕ್ಟರ್ ಹೋಗಿ ನೋಡಿ ಬರೆದಿದ್ದು ಬರಬಾರ್ದು. ನಮ್ಮ ಈ ಮೇಲಿಂಗ್ ಲಿಸ್ಟಲ್ಲಿ ವಕೀಲರು ಒಂದಿಷ್ಟು ಜನ ಇದೀರಲ್ಲಾ, ಯಾರಾದ್ರೂ ಇದನ್ನ ಸಮರ್ಥಿಸಿ ನೋಡೋಣ.