ಕಡಲಿನ ಹತ್ರ ಮನೆ ತಗೊಳ್ಳಿ, ಆದ್ರೆ ನವೆಂಬರಿನಲ್ಲೂ ಇರ್ಲಿಕ್ಕೆ ತಗೊಳ್ಳಿ

ನೆದರ್‌ಲ್ಯಾಂಡ್ಸ್‌ನಲ್ಲಿ ಇರುವ ನಮ್ಮವ್ರು ಮನೆ ತಗೊಳ್ಳುವಾಗ ಸಾಧಾರಣ ಆಮ್‌ಸ್ಟಲ್‌ವೇನ್, ಹೂಫ್ಡ್‌ಡಾರ್ಪ್, ಐಂಡ್‌ಹೋವನ್ ಬಿಟ್ಟು ಆಚೆ ನೋಡುದಿಲ್ಲ. ಆಫೀಸ್ ಹತ್ರ, ಇಂಡಿಯನ್ ಅಂಗಡಿ ಹತ್ರ, ಮಕ್ಕಳ ಸ್ಕೂಲು ಹತ್ರ, ಅದಕ್ಕೆ ನನ್ನ ತಕರಾರು ಎಂಥದ್ದೂ ಇಲ್ಲ. ಆದ್ರೆ ಈಚೆಗೆ ಒಂದು ಹೊಸ ಮಾತು ಕೇಳಿ ಬರ್ತಾ ಉಂಟು. "ಇಲ್ಲಿ ಒಂದು ಮನೆ ಆಯ್ತಲ್ಲ, ಇನ್ನು ಬೀಚ್ ಸೈಡಲ್ಲಿ ಒಂದು ಸಣ್ಣದು ತೆಗೆದು ಹಾಕುವ, ಬೇಸಿಗೆಗೆ ನಾವು ಹೋಗುದು, ಉಳಿದ ಟೈಮಲ್ಲಿ ಟೂರಿಸ್ಟ್‌ಗಳಿಗೆ ಬಾಡಿಗೆಗೆ ಬಿಡುದು" ಅಂತ. ಇದಕ್ಕೆ ನನ್ನ ಉತ್ತರ ಬೇಡ ಅಂತಲೇ. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡಿ ಓದಿ.

ನಾವು ಇರುದು ನಾರ್ತ್ ಹಾಲೆಂಡ್‌ನಲ್ಲಿ, ಆಲ್ಕ್‌ಮಾರ್‌ನಿಂದ ಆಚೆ ಸ್ಖೋರ್ಲ್ ಕಡೆಯ ಒಂದು ಸಣ್ಣ ಊರಲ್ಲಿ. ಈ ದೇಶದ ಅತಿ ಎತ್ತರದ ಮರಳು ದಿಬ್ಬಗಳು ಇರುದು ಇಲ್ಲಿಯೇ, 50 ಮೀಟರ್ ದಾಟ್ತವೆ. ಊರು ದಿಬ್ಬದ ಬುಡದಲ್ಲಿ, ದಿಬ್ಬದ ಮೇಲೆ ಪೈನ್ ಕಾಡು, ಅದನ್ನೆಲ್ಲ ದಾಟಿದ್ರೆ ನಾರ್ತ್ ಸೀ. ರೈಲ್ವೆ ಸ್ಟೇಷನ್ ಇಲ್ಲ, ಆಲ್ಕ್‌ಮಾರ್‌ವರೆಗೆ ಬಸ್ಸು, ಅಲ್ಲಿಂದ ಟ್ರೇನ್ ಹಿಡಿದ್ರೆ ಮುಕ್ಕಾಲು ಗಂಟೆಯೊಳಗೆ ಆಮ್‌ಸ್ಟರ್‌ಡ್ಯಾಮ್. ಬಸ್ಸಿನ ಟೈಮ್ ನೋಡಿಯೇ ದಿನದ ಲೆಕ್ಕ ಹಾಕ್ಬೇಕು, ರಾತ್ರಿ ಲೇಟಾದ್ರೆ ಕಷ್ಟ ಉಂಟು, ಅದನ್ನು ಮುಚ್ಚಿಡುದಿಲ್ಲ.

ಇಲ್ಲಿ ಮನೆ ನೋಡ್ತಾ ಇದ್ದೇವೆ ಅಂದಾಗ ಊರಿಂದ ಅಮ್ಮ ಫೋನಲ್ಲಿ ಕೇಳಿದ್ದು ಒಂದೇ, "ಪುನಃ ಕಡಲಿನ ಹತ್ರವೇ ಮನೆಯಾ ಮಗಾ?" ನಾವು ಉಳ್ಳಾಲದ ಕಡೆಯವ್ರು. ಮಳೆಗಾಲ ಬಂತು ಅಂದ್ರೆ ಕಡಲ್ಕೊರೆತ, ತೆಂಗಿನ ಮರ ಬೇರು ಸಮೇತ ವಾಲುದು, ಲಾರಿಯಲ್ಲಿ ಕಲ್ಲು ತಂದು ಸುರಿಯುದು, ಮತ್ತೆರಡು ಮಳೆಗಾಲದಲ್ಲಿ ಆ ಕಲ್ಲೂ ನೀರಿನೊಳಗೆ. ಅಮ್ಮನ ಹೆದರಿಕೆ ಸುಮ್ಮನೆ ಬಂದದ್ದಲ್ಲ, ಹಾಗಾಗಿ ನಾನು ಮನೆಯ ಅಡಿಗೆಮನೆ ಬಾತ್‌ರೂಮ್ ನೋಡುವ ಮೊದಲು ಕಡಲನ್ನೇ ನೋಡ್ಲಿಕ್ಕೆ ಹೋದದ್ದು. ನಮ್ಮಲ್ಲಿಂದ ಸೈಕಲ್‌ನಲ್ಲಿ ಹೋಗುವಷ್ಟು ದೂರದಲ್ಲಿ ಕಾಂಪರ್‌ಡೌನ್ ಅಂತ ಉಂಟು, ಅಲ್ಲಿಂದ ಪೆಟ್ಟನ್‌ವರೆಗೆ ಮರಳು ದಿಬ್ಬವೇ ಇರ್ಲಿಲ್ಲ, ಶತಮಾನಗಳಿಂದ ಬರೀ ಒಡ್ಡು, ಅದರ ಬುಡಕ್ಕೇ ಅಲೆ ಬಂದು ಬಡಿಯುದು, ಬೀಚ್ ಅನ್ನುದೇ ಇಲ್ಲ. ಆ ಒಡ್ಡು ಮುಂದಿನ ಕಾಲಕ್ಕೆ ಸಾಲುದಿಲ್ಲ ಅಂತ ಗೊತ್ತಾದಾಗ ಇವ್ರು ಕಲ್ಲಿನ ಮೇಲೆ ಕಲ್ಲು ಪೇರಿಸ್ಲಿಲ್ಲ, ಸಮುದ್ರದ ತಳದಿಂದಲೇ 3 ಕೋಟಿ ಘನ ಮೀಟರಿಗೂ ಹೆಚ್ಚು ಮರಳು ಎತ್ತಿ ಒಡ್ಡಿನ ಎದುರಿಗೆ ಹಾಕಿ ಹೊಸ ಬೀಚು, ಹೊಸ ದಿಬ್ಬ ಮಾಡಿದ್ರು. 2015ರಲ್ಲಿ ಕೆಲಸ ಮುಗಿದದ್ದು. ಈಗ ಅಲ್ಲಿ ಹುಲ್ಲು ಬೆಳೆದು ನಿಂತಿದೆ. ಇದು ಒಂದು ಸಲ ಮಾಡಿ ಬಿಟ್ಟ ಕೆಲಸವೂ ಅಲ್ಲ, 1990ರಲ್ಲೇ ಸರ್ಕಾರ ಕರಾವಳಿಯ ಗೆರೆ ಇನ್ನು ಹಿಂದೆ ಹೋಗ್ಲಿಕ್ಕೆ ಬಿಡುದಿಲ್ಲ ಅಂತ ತೀರ್ಮಾನ ಮಾಡಿದ್ದು, ಅಲ್ಲಿಂದ ಎಲ್ಲಿ ಸವೆಯಿತೋ ಅಲ್ಲಿ ಮರಳು ಹಾಕ್ತಾನೇ ಇದ್ದಾರೆ, ದೇಶದ ಕರಾವಳಿಗೆ ಒಟ್ಟು ವರ್ಷಕ್ಕೆ ಸುಮಾರು 1.2 ಕೋಟಿ ಘನ ಮೀಟರ್. 1953ರ ಜನವರಿ 31ರ ರಾತ್ರಿ ಸುರುವಾದ ನೆರೆಯಲ್ಲಿ ದೇಶದ ನೈಋತ್ಯದ ಝೇಲಂಡ್ ಮತ್ತು ಅಕ್ಕಪಕ್ಕದ ಪ್ರದೇಶಗಳಲ್ಲಿ 1,836 ಜನ ಸತ್ತದ್ದನ್ನು ಈ ದೇಶ ಇನ್ನೂ ಮರೆತಿಲ್ಲ. ಆ ಹೊಸ ಬೀಚಿನಲ್ಲಿ ನಿಂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅವ್ರು ತುಂಬ ಹೊತ್ತು ನೋಡಿ, "ನಮ್ಮಲ್ಲೂ ಹೀಗೆ ಮಾಡ್ಬಹುದಿತ್ತಲ್ಲ" ಅಂದ್ರು. ನನಗೆ ಅದಕ್ಕೆ ಉತ್ತರ ಬರ್ಲಿಲ್ಲ.

ನೆಲದ ವಿಷಯ ಇನ್ನೊಂದು. ಆಮ್‌ಸ್ಟರ್‌ಡ್ಯಾಮ್‌ನ ಹಳೇ ಮನೆಗಳು ಮರದ ಕಂಬಗಳ ಮೇಲೆ ನಿಂತದ್ದು, ಅಂತರ್ಜಲ ಇಳಿದ್ರೆ ಕಂಬದ ತಲೆ ಕೊಳೀತದೆ, ಆ ರಿಪೇರಿಯ ಖರ್ಚು ಕೇಳಿದ್ರೆ ನಿದ್ದೆ ಬರುದಿಲ್ಲ. ಕಡಲಂಚಿನ ಹಳೇ ಊರುಗಳು ಹೆಚ್ಚಾಗಿ ಗಟ್ಟಿ ಮರಳಿನ ದಿಣ್ಣೆ ಮೇಲೆ ಕೂತದ್ದು, ಹಾಗಾಗಿ ಪಾಯ ನೇರ ಮರಳಿನ ಮೇಲೆಯೇ. ಆದ್ರೆ ಒಂದೆರಡು ಕಿಲೋಮೀಟರ್ ಒಳಗೆ ಹೋದ್ರೆ ಪುನಃ ಕೆಸರು ಮಣ್ಣು ಸುರುವಾಗ್ಬಹುದು, ಅದಕ್ಕೆ ಊರಿನ ಹೆಸರು ನೋಡಿ ಸಾಕು ಅಂದ್ಕೊಳ್ಬೇಡಿ, ಆ ಜಾಗದ ಮಣ್ಣೇ ಎಂಥದ್ದು ಅಂತ ಕೇಳಿ.

ನಾವು ತಗೊಂಡದ್ದು ಎರಡನೇ ಮಹಾಯುದ್ಧ ಮುಗಿದ ನಂತರ ಕಟ್ಟಿದ ಇಟ್ಟಿಗೆ ಮನೆ. ಇನ್‌ಸ್ಪೆಕ್ಷನ್‌ಗೆ ಬಂದವ್ರು ಹಾಲ್ ನೋಡ್ಲಿಲ್ಲ, ಅಡಿಗೆಮನೆ ನೋಡ್ಲಿಲ್ಲ, ಬಾಗಿಲ ಹತ್ರದ ಕಾಲೊರಸು ಎತ್ತಿದ್ರು. ಅದರ ಅಡಿಯಲ್ಲಿ ಒಂದು ಹಲಗೆ, ಹಲಗೆ ತೆಗೆದ್ರೆ ಕೆಳಗೆ ನೆಲಕ್ಕೂ ಮಣ್ಣಿಗೂ ನಡುವೆ ಒಬ್ಬ ತೆವಳಿಕೊಂಡು ಹೋಗುವಷ್ಟು ಜಾಗ. ಟಾರ್ಚ್ ಹಿಡ್ಕೊಂಡು ಇಳಿದೇ ಬಿಟ್ರು. ನಾವು ಮೇಲೆ ನಿಂತು ಅವ್ರು ಮರದ ತೊಲೆ ಕುಟ್ಟುವ ಶಬ್ದ ಕೇಳ್ತಾ ಇದ್ದೆವು. ಹೊರಗೆ ಬಂದು ಕೈ ತುಂಬ ಮರಳು ತೋರಿಸಿದ್ರು, ಒಣ ಮರಳು, ಒಳ್ಳೇದು ಅಂದ್ರು. ಆಮೇಲೆ ನೈಋತ್ಯದ ಕಡೆಯ ಕಿಟಕಿಗಳ ಕೆಳಗಿನ ಮೂಲೆಗೆ ಸ್ಕ್ರೂಡ್ರೈವರ್ ಒತ್ತಿದ್ರು, ಎರಡು ಕಡೆ ಅದು ಬೆಣ್ಣೆಗೆ ಚಾಕು ಹೋದ ಹಾಗೆ ಒಳಗೆ ಹೋಯ್ತು. ಕಡಲ ಗಾಳಿಯೂ ಮಳೆಯೂ ಹೆಚ್ಚಾಗಿ ಬರುದು ಆ ಕಡೆಯಿಂದ, ಪೇಂಟ್ ಎಷ್ಟು ಹೊಸತಿದ್ರೂ ಅದರ ಹಿಂದಿನ ಮರ ಕೊಳೆತಿರ್ಬಹುದು. ಹಳೇ ಮನೆ ಆದ್ರೆ ಆರೋಗ್ಯಕ್ಕೆ ಕೆಡುಕಾದ ಆಸ್ಬೆಸ್ಟಸ್ ಬಗ್ಗೆಯೂ ಕರಾರಿನಲ್ಲಿ ಬರೆದಿರ್ತದೆ, ಓದದೆ ಸೈನ್ ಹಾಕ್ಬೇಡಿ.

ದುಡ್ಡಿನ ಲೆಕ್ಕ ಬೇಗ ಹೇಳಿ ಮುಗಿಸ್ತೇನೆ. ಬ್ಯಾಂಕು ಮನೆಯ ಬೆಲೆಯ 100%ವರೆಗೆ ಸಾಲ ಕೊಡ್ತದೆ, ಆದ್ರೆ ಅದು ವ್ಯಾಲ್ಯುಯೇಷನ್‌ನಲ್ಲಿ ಬಂದ ಬೆಲೆ, ನೀವು ಪೈಪೋಟಿಯಲ್ಲಿ ಜಾಸ್ತಿ ಬಿಡ್ ಮಾಡಿದ್ರೆ ಮೇಲಿನದ್ದು ಪೂರ್ತಿ ನಿಮ್ಮ ಕಿಸೆಯಿಂದ. ನೋಟರಿ, ಬ್ರೋಕರ್, ವ್ಯಾಲ್ಯುಯೇಷನ್ ಫೀಸೂ ಕಿಸೆಯಿಂದಲೇ. ಮನೆ ಹೆಸರಿಗೆ ಆಗುವಾಗ ಸರ್ಕಾರಕ್ಕೆ ಕಟ್ಟುವ ಟ್ರಾನ್ಸ್‌ಫರ್ ಟ್ಯಾಕ್ಸ್ ಸ್ವಂತ ವಾಸಕ್ಕಾದ್ರೆ 2%, ಅಂದ್ರೆ 5 ಲಕ್ಷ ಯೂರೋದ ಮನೆಗೆ 10,000. ವಯಸ್ಸು 35ಕ್ಕಿಂತ ಕಡಿಮೆ, ಮೊದಲು ಈ ರಿಯಾಯಿತಿ ತಗೊಂಡಿಲ್ಲ, ಬೆಲೆಯೂ ಮಿತಿಯೊಳಗೆ ಅಂತಾದ್ರೆ ಅದೂ ಇಲ್ಲ, 2025ರಲ್ಲಿ ಆ ಮಿತಿ 5,25,000 ಇತ್ತು. ಕರಾರಿಗೆ ಸೈನ್ ಆದ ಮೇಲೆ ಮೂರು ದಿನ ಯೋಚನೆ ಮಾಡ್ಲಿಕ್ಕೆ ಕಾನೂನೇ ಟೈಮ್ ಕೊಡ್ತದೆ, ಕಾರಣ ಹೇಳದೆ ಹಿಂದೆ ಸರಿಯಬಹುದು. ಲೋನ್ ಸಿಗದಿದ್ರೆ ಕರಾರು ರದ್ದು ಅನ್ನುವ ಷರತ್ತು ಹಾಕಿಸದೆ ಬಿಡ್ ಮಾಡಿ ಅಂತ ಯಾರಾದ್ರೂ ಹುರಿದುಂಬಿಸಿದ್ರೆ ಕಿವಿ ಕೊಡ್ಬೇಡಿ, ಸಾಧಾರಣವಾಗಿ 10% ಡಿಪಾಸಿಟ್ ಅಂತ ಇರ್ತದೆ, ಅಷ್ಟೂ ಕೈ ಬಿಡ್ತದೆ.

ಇನ್ನು ನನ್ನ ಮುಖ್ಯ ವಿಷಯ. ಫುಂಡಾ ಅನ್ನುವ ಮನೆ ಮಾರಾಟದ ವೆಬ್‌ಸೈಟಿನಲ್ಲಿ ಬೆಲೆ ಕಡಿಮೆ ಮಾಡಿ ಹುಡುಕಿದ್ರೆ ಕಡಲ ಪಕ್ಕದ ಊರುಗಳಲ್ಲಿ ಚಂದ ಚಂದದ ಸಣ್ಣ ಮನೆಗಳು ಸಿಗ್ತವೆ, ಮರದ ಗೋಡೆ, ಸುತ್ತ ಹಸಿರು, ಬೆಲೆ ನಂಬ್ಲಿಕ್ಕೇ ಆಗುದಿಲ್ಲ. ಪೂರ್ತಿ ಓದಿ. ಅವು ಬಹುಪಾಲು ರಜೆಯ ಮನೆಗಳು, ಅಲ್ಲಿ ಖಾಯಂ ವಾಸ ಮಾಡ್ಲಿಕ್ಕೆ ಮುನ್ಸಿಪಾಲಿಟಿ ಬಿಡುದಿಲ್ಲ, ಮಾಮೂಲಿ ಹೋಮ್ ಲೋನ್ ಸಿಗುದಿಲ್ಲ, ಬಡ್ಡಿಗೆ ಟ್ಯಾಕ್ಸ್ ವಿನಾಯಿತಿಯೂ ಇಲ್ಲ. ಇದು ಒಂದು ರೀತಿ. ಇನ್ನೊಂದು ರೀತಿ, ಊರಿನ ಒಳಗಿನ ಸರಿಯಾದ ಮನೆಯನ್ನೇ ತಗೊಂಡು ಎರಡನೇ ಮನೆ ಮಾಡುದು. ಇದಕ್ಕೆ ಟ್ರಾನ್ಸ್‌ಫರ್ ಟ್ಯಾಕ್ಸ್ 2025ರವರೆಗೆ 10.4% ಇತ್ತು, 2026ರಿಂದ 8%ಗೆ ಇಳಿಸಿದ್ದಾರೆ. ಬಾಡಿಗೆ ಮನೆ ಹೆಚ್ಚಾಗ್ಲಿ ಅಂತ ಇಳಿಸಿದ್ದು, ಅದರ ಜೊತೆಯಲ್ಲಿ ವರ್ಷದಲ್ಲಿ ಆರು ವಾರ ಬಂದು ಹೋಗುವವ್ರಿಗೂ ಅದೇ 8%. ಈ ಕಡಲ ಊರುಗಳಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ನಮ್ಮ ಪಕ್ಕದ ಮನೆಯ ಅಜ್ಜಿಯ ಮಗ ಇದೇ ಊರಲ್ಲಿ ಹುಟ್ಟಿ ಬೆಳೆದವ, ಎಲೆಕ್ಟ್ರಿಷಿಯನ್, ಒಳ್ಳೆ ಕೆಲಸಗಾರ. ಇಲ್ಲಿ ಮನೆ ಕೈಗೆಟುಕ್ಲಿಲ್ಲ, ಕಡಲಿಂದ ಒಳಗಿರುವ ಹೇರ್‌ಹ್ಯೂಗೋವಾರ್ಡ್ ಅನ್ನುವ ಊರಿಗೆ ಹೋದ. ಅಜ್ಜಿಯ ಎದುರಿನ ಮನೆಯೋ ಯಾರದ್ದೋ ಎರಡನೇ ಮನೆ, ಶಾಲೆಗೆ ರಜೆ ಇದ್ದಾಗ ತುಂಬ್ತದೆ, ಉಳಿದ ದಿನ ಪರದೆ ಎಳೆದೇ ಇರ್ತದೆ. ಅಜ್ಜಿ ಯಾರನ್ನೂ ಬೈಯುದಿಲ್ಲ. ನಾವು ಬಂದ ಹೊಸತರಲ್ಲಿ ಅವ್ರು ಕೇಳಿದ ಮೊದಲ ಪ್ರಶ್ನೆ ಯಾವ ದೇಶ ಅಂತ ಅಲ್ಲ, "ಚಳಿಗಾಲದಲ್ಲೂ ಇರ್ತೀರಾ?" ಅಂತ. ಇರ್ತೇವೆ ಅಂದಾಗ ಆ ಮುಖ ಅರಳಿದ್ದು ನೋಡ್ಬೇಕಿತ್ತು.

ನವೆಂಬರ್ 11ಕ್ಕೆ ಇಲ್ಲಿ ಸಿಂಟ್ ಮಾರ್ಟನ್ ಅಂತ ಮಕ್ಕಳ ಹಬ್ಬ. ಸಂಜೆ ಕತ್ತಲಾದ ಮೇಲೆ ಮಕ್ಕಳು ಕೈಯಲ್ಲಿ ಕಾಗದದ ಲಾಟೀನು ಹಿಡ್ಕೊಂಡು ಮನೆ ಮನೆಗೆ ಬಂದು ಹಾಡು ಹೇಳ್ತವೆ, ನಾವು ಚಾಕ್ಲೇಟು ಕೊಡುದು. ನನ್ನ ಮಗಳೂ ಹೋಗ್ತಾಳೆ, ಡಚ್ ಹಾಡು ಬಾಯಿಪಾಠ. ಮಕ್ಕಳು ಬೆಲ್ ಮಾಡುದು ದೀಪ ಇರುವ ಮನೆಗೆ ಮಾತ್ರ. ನಮ್ಮ ರಸ್ತೆಯಲ್ಲಿ ಹಿಂದೆ ಒಂದೂ ಮನೆ ಬಿಡದೆ ಹೋಗ್ತಿದ್ದರಂತೆ. ಈಗ ಮಕ್ಕಳ ಗುಂಪು ಒಂದು ಮನೆಗೆ ಹಾಡಿ, ಮೂರು ಮನೆ ಬಿಟ್ಟು, ರಸ್ತೆ ದಾಟಿ ಹೋಗುದು. ಇಂಥ ಊರಲ್ಲಿ ಸ್ಕೂಲಿಗೆ ಮಕ್ಕಳು ಕಡಿಮೆಯಾದ್ರೆ ಸ್ಕೂಲು ಪಕ್ಕದೂರಿನದ್ದಕ್ಕೆ ಸೇರ್ತದೆ, ಗಿರಾಕಿ ಇಲ್ಲದಿದ್ರೆ ಬೇಕರಿ ಚಳಿಗಾಲದಲ್ಲಿ ಮುಚ್ತದೆ, ಸಮುದ್ರದಲ್ಲಿ ಯಾರಾದ್ರೂ ಸಿಕ್ಕಿಹಾಕಿಕೊಂಡ್ರೆ ಓಡುವ ಲೈಫ್‌ಬೋಟಿನವ್ರು ಬಹುತೇಕ ವಾಲಂಟಿಯರ್‌ಗಳು, ಅವ್ರು ಹತ್ತಿರವೇ ಇರ್ಬೇಕಲ್ವಾ? ಮನೆ ಇದ್ರೂ ಜನ ಇಲ್ಲದ ಊರಲ್ಲಿ ಅವ್ರನ್ನು ಎಲ್ಲಿಂದ ತರುದು?

"ಡಚ್ಚರೇ, ಜರ್ಮನ್ನರೇ ತಗೊಳ್ತಾರೆ, ನಾವು ಒಂದು ತಗೊಂಡ್ರೆ ಎಂಥ ಆಗ್ತದೆ" ಅಂತ ಒಬ್ಬ ಸ್ನೇಹಿತರು ವಾದ ಮಾಡಿದ್ರು. ಬೇರೆಯವ್ರು ಮಾಡ್ತಾರೆ ಅಂತ ನಾವು ಮಾಡುದು ಸರಿ ಆಗುದಿಲ್ಲ. ಕೊಡಗಿನಲ್ಲಿ, ಸಕಲೇಶಪುರದಲ್ಲಿ ಬೆಂಗಳೂರಿನ ದುಡ್ಡು ಬಂದು ಜಾಗ ತಗೊಂಡು ಬೀಗ ಹಾಕಿ ಹೋದಾಗ ಅಲ್ಲಿನವ್ರು ಎಂಥ ಹೇಳ್ತಾರೆ ಅಂತ ನಮಗೆ ಗೊತ್ತಿಲ್ವಾ?

ಬದುಕ್ಲಿಕ್ಕೆ ಅಂತ ಬರುದಾದ್ರೆ ಖಂಡಿತ ಬನ್ನಿ, ನಮ್ಮಂಥವ್ರು ಇನ್ನೂ ನಾಲ್ಕು ಮನೆ ಬರ್ಬೇಕು ಅಂತ ನನಗೆ ತುಂಬ ಆಸೆ. ಆದ್ರೆ ಮನೆ ನೋಡ್ಲಿಕ್ಕೆ ಜುಲೈಯಲ್ಲಿ ಬರ್ಬೇಡಿ, ಆಗ ಎಲ್ಲಾ ಊರೂ ಚಂದವೇ. ಡಿಸೆಂಬರ್, ಜನವರಿಯಲ್ಲಿ ಬನ್ನಿ, ನಾಲ್ಕೂವರೆಗೇ ಕತ್ತಲಾಗ್ತದೆ, ಗಾಳಿಗೆ ಸೈಕಲ್ ಮುಂದೆ ಹೋಗುದಿಲ್ಲ, ಆ ದಿನ ಬಸ್ಸಲ್ಲೇ ಬಂದು ಬಸ್ಸಲ್ಲೇ ವಾಪಸ್ ಹೋಗಿ. ರಸ್ತೆಯಲ್ಲಿ ನಡೆದು ಎಷ್ಟು ಮನೆಯಲ್ಲಿ ದೀಪ ಉಂಟು ಅಂತ ನೋಡಿ. ಅಂಗಡಿಯಲ್ಲಿ ಹರುಕು ಮುರುಕು ಡಚ್‌ನಲ್ಲಾದ್ರೂ ಮಾತಾಡಿ, ಇಲ್ಲಿ ಇಂಗ್ಲಿಷ್ ಬಂದ್ರೂ ಡಚ್‌ನಲ್ಲಿ ಮಾತಾಡಿಸಿದ್ರೆ ಜನ ಹತ್ತಿರ ಆಗ್ತಾರೆ.

ಇನ್ನೊಂದು ವಿಷಯ ನಮ್ಮವ್ರಲ್ಲಿ ತುಂಬ ಜನರಿಗೆ ಗೊತ್ತಿಲ್ಲ. ಒಡ್ಡು, ಕಾಲುವೆ, ನೀರಿನ ಮಟ್ಟ ನೋಡ್ಕೊಳ್ಳುದು ವಾಟರ್‌ಸ್ಖಾಪ್ ಅನ್ನುವ ನೀರಿನ ಮಂಡಳಿ, 13ನೇ ಶತಮಾನದಿಂದ ನಡೆದು ಬಂದ ವ್ಯವಸ್ಥೆ, ಈಗ ದೇಶದಲ್ಲಿ 21 ಇವೆ, ಪ್ರತಿ ಮನೆಯಿಂದ ಅದಕ್ಕೆ ಬೇರೆಯೇ ಟ್ಯಾಕ್ಸ್. ಅದರ ಚುನಾವಣೆಯಲ್ಲಿ ಡಚ್ ಪಾಸ್‌ಪೋರ್ಟ್ ಇಲ್ಲದಿದ್ರೂ ಇಲ್ಲಿ ಕಾನೂನು ಪ್ರಕಾರ ವಾಸ ಇರುವವ್ರಿಗೆ ವೋಟು ಉಂಟು. ನಾನು ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡೇ 2023ರ ಮಾರ್ಚ್‌ನಲ್ಲಿ ಹೋಗಿ ವೋಟ್ ಹಾಕಿದ್ದು, ಕಡಲು ಹೇಗೆ ಕಾಯ್ಬೇಕು ಅನ್ನುದರಲ್ಲಿ ನನ್ನದೂ ಒಂದು ಮಾತು ಇರ್ಲಿ ಅಂತ. ಮುಂದಿನದ್ದು 2027ರ ಮಾರ್ಚ್‌ನಲ್ಲಿ, ಆಮ್‌ಸ್ಟಲ್‌ವೇನ್‌ನಲ್ಲಿ ಇರುವವ್ರಿಗೂ ಉಂಟು, ಕಾರ್ಡ್ ಮನೆಗೆ ಬರ್ತದೆ, ಎಸೀಬೇಡಿ.